ಬಂದರನ್ನೇ ಬಚ್ಚಿಟ್ಟವರಿಗೆ

ಆಟದ ಕಂಪನಿಯ ಕಳ್ಳಪ್ರತಿ ತಡೆ ವಿಭಾಗವನ್ನು ಆಳುತ್ತಿರುವ ಮಾನ್ಯರೇ,

ನಮ್ಮ ಮನೆಯಲ್ಲಿ ಅಡಗಿದ್ದ ಕಳ್ಳನನ್ನು ಹಿಡಿದಿದ್ದೀರಿ, ಅಭಿನಂದನೆಗಳು. ಆರೋಪಿ ನಮ್ಮ ಅಜ್ಜ. ಅಂಗಡಿಯಿಂದ ರಸೀದಿ ಸಮೇತ ತಂದ ನಿಮ್ಮ ದೋಣಿಯ ಆಟವನ್ನು ಹಾಡಹಗಲೇ, ಎಲ್ಲರ ಕಣ್ಣೆದುರು ಆಡುತ್ತಿದ್ದಾಗ ಸಿಕ್ಕಿಬಿದ್ದರು. ಶಿಕ್ಷೆಯನ್ನೂ ನೀವೇ ಕೊಟ್ಟಿರಿ. ವಿಚಾರಣೆ ನಡೆಸುವುದೊಂದು ಮರೆತುಹೋಯಿತೆಂದು ಕಾಣುತ್ತದೆ.

ಅಜ್ಜ ಕೆಲಸದಲ್ಲಿದ್ದಷ್ಟು ಕಾಲವೂ ಜನರನ್ನು ಹೊಳೆ ದಾಟಿಸುವ ಲಾಂಚ್ ನಡೆಸಿದವರು. ಕಣ್ಣಿನ ಪೊರೆ ತೆಗೆಸಿಕೊಂಡ ಮೇಲೆ ಮನೆಯಲ್ಲಿ ಕೂತು ಬೇಜಾರಾಗಿದ್ದಾರೆಂದು ಈ ಆಟ ತಂದುಕೊಟ್ಟೆ. ಸಂಜೆಯಾದರೆ ದೋಣಿಯನ್ನು ಬಂದರಿಗೆ ಹೂವಿನಂತೆ ತಾಗಿಸಿ, ಗಂಟೆ ಹೊಡೆಯಲು ನನಗೆ ಅಪ್ಪಣೆ ಕೊಡುತ್ತಿದ್ದರು. ನಾನು ತಟ್ಟೆ ಬಡಿಯುತ್ತಿದ್ದೆ. ಹೀಗಿರುವಾಗ ಕಂಪ್ಯೂಟರ್ ಕೆಟ್ಟಿತು. ಮನೆಯ ಸ್ವಯಂಘೋಷಿತ ಎಂಜಿನಿಯರ್ ಆದ ಚಿಕ್ಕಪ್ಪ ಅದರ ಮದರ್‌ಬೋರ್ಡ್ ಬದಲಿಸಿದರು. ಅಂದಿನಿಂದ ಕಡಲಿನ ತುಂಬ ಮಂಜು. ಎತ್ತ ತಿರುಗಿಸಿದರೂ ಬಂದರಿಲ್ಲ. ಪರದೆಯ ಮೇಲೆ ಎಚ್ಚರಿಕೆಯಿಲ್ಲ, ಕಾರಣವಿಲ್ಲ, ಬರೀ ಮಂಜು.

ಅಜ್ಜ ತಪ್ಪನ್ನು ನಿಮ್ಮ ಮೇಲೆ ಹಾಕಲಿಲ್ಲ, ತಮ್ಮ ಕಣ್ಣಿನ ಮೇಲೆ ಹಾಕಿದರು. ಕಣ್ಣಿನ ಡಾಕ್ಟರು ಪರೀಕ್ಷೆ ಮಾಡಿ, ದೃಷ್ಟಿ ಸೊಗಸಾಗಿದೆ ಎಂದು ಬೆನ್ನು ತಟ್ಟಿ ಕಳಿಸಿದರು. ಅದೇ ಕೆಟ್ಟದ್ದಾಯಿತು. ಮನೆಗೆ ಬಂದವರೇ ತಮ್ಮ ಬಳಿಯಿದ್ದ ಮನೆಯ ಬೀಗದ ಕೈಯನ್ನು ಅಮ್ಮನ ಮುಂದಿಟ್ಟರು.

"ಕಣ್ಣು ಸರಿಯಿದೆ ಅಂದ್ರೆ ಕೆಟ್ಟಿರೋದು ತಲೆ ಕಣಮ್ಮ. ಇನ್ಮೇಲೆ ನನ್ನೊಬ್ಬನ್ನೇ ಆಚೆ ಬಿಡಬೇಡ, ದಾರಿ ತಪ್ಪಿಬಿಡ್ತೀನಿ."

ದಿನವೂ ಬೀದಿಯ ಕೊನೆಯ ಅಂಗಡಿಗೆ ಹೋಗಿ ಪತ್ರಿಕೆ ತರುತ್ತಿದ್ದವರು ಈಗ ಹೊಸ್ತಿಲು ದಾಟುತ್ತಿಲ್ಲ.

ಅತ್ತ ಮೇಲಿನ ಮನೆಯಲ್ಲಿ ನಮ್ಮ ಅತ್ತೆಯ ಮಗನಿದ್ದಾನೆ. ಅವನದು ಶುದ್ಧ ಕದ್ದ ಪ್ರತಿ. ಅವನ ಕಡಲಲ್ಲಿ ಸದಾ ಬಿಸಿಲು, ಬಂದರಿನಲ್ಲಿ ಸ್ವಾಗತಕ್ಕೆ ಹಕ್ಕಿಗಳು! ಅನುಮಾನ ಬಂದು ನಿಮ್ಮ ಸಹಾಯ ಕೇಂದ್ರಕ್ಕೆ ಫೋನ್ ಮಾಡಿದೆ. ಕದ್ದವರಿಗೆ ಮಾತ್ರ ಮಂಜು ಕವಿಯುವಂತೆ, ಬಂದರೇ ಸಿಗದಂತೆ ಮಾಡಿದ್ದೇವೆ ಎಂದು ಅಲ್ಲಿನ ಹುಡುಗಿ ಹೆಮ್ಮೆಯಿಂದ ತಿಳಿಸಿದಳು. ಮದರ್‌ಬೋರ್ಡ್ ಬದಲಾದರೆ ನಿಮ್ಮ ಆಟದ ಲೆಕ್ಕದಲ್ಲಿ ಅದು ಬೇರೆಯವರ ಕಂಪ್ಯೂಟರ್, ಅದರಲ್ಲಿರುವುದು ಕದ್ದ ಪ್ರತಿ ಅಂತೆ. ನಿಜವಾದ ಕಳ್ಳರು ನಿಮ್ಮ ಮಂಜನ್ನು ಎಂದೋ ಗುಡಿಸಿ ಹಾಕಿದ್ದಾರೆ, ಮಾನ್ಯರೇ. ಅದು ಉಳಿದಿರುವುದು ದುಡ್ಡು ಕೊಟ್ಟವರಿಗಷ್ಟೇ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕುವ ವೈದ್ಯರ ಬಗ್ಗೆ ಕೇಳಿದ್ದೆ. ಜ್ವರ ಬಂದ ಎತ್ತನ್ನು ಮೇಯಲು ಬಿಟ್ಟು, ಎಮ್ಮೆಗೇ ಗೊತ್ತಾಗದಂತೆ ಅದಕ್ಕೆ ಬರೆ ಹಾಕುವವರನ್ನು ಈಗಲೇ ನೋಡಿದ್ದು. ಕುಂಬಳಕಾಯಿ ಕಳ್ಳ ಎಂದು ಬಾಯಿಬಿಟ್ಟು ಕೂಗಿದ್ದರೆ ಅಜ್ಜ ಹೆಗಲು ತೋರಿಸಿ ಜಗಳಕ್ಕಾದರೂ ನಿಲ್ಲುತ್ತಿದ್ದರು. ನೀವು ಕೂಗಲೇ ಇಲ್ಲವಲ್ಲ?

ಮೇಲಿನ ಮನೆಗೆ ಬಂದು ಬಂದರನ್ನು ಕಣ್ಣಾರೆ ನೋಡಿ ಎಂದು ಅಜ್ಜನನ್ನು ಕರೆದೆ. ಕದ್ದ ದೋಣಿಗೆ ಕಾಲಿಡುವುದಿಲ್ಲ ಎಂದರು. ಸರಿ, ನಡೆದದ್ದನ್ನೆಲ್ಲ ಬಿಡಿಸಿ ಹೇಳಿದೆ. ಇಲ್ಲಿ ನನ್ನದೊಂದು ಅನನುಕೂಲವಿದೆ. ಸಕ್ಕರೆ ಡಬ್ಬಿಗೆ ಉಪ್ಪು ತುಂಬಿದವನು, ಚಿಕ್ಕಪ್ಪನಿಗೆ ಬಡ್ತಿ ಸಿಕ್ಕಿತೆಂದು ಅವರ ಸಾಹೇಬರ ದನಿಯಲ್ಲೇ ಫೋನ್ ಮಾಡಿದವನು ಎಂಬ ಖ್ಯಾತಿ ನನಗೆ ಮನೆಯಲ್ಲಿದೆ.

ಅಜ್ಜ ನನ್ನ ತಲೆ ಸವರಿ, "ನನ್ನ ಸಮಾಧಾನಕ್ಕೆ ಎಷ್ಟು ಚೆನ್ನಾಗಿ ಕಥೆ ಕಟ್ತೀಯೋ ಮಗಾ" ಎಂದರು.

ಆದ್ದರಿಂದ ನನ್ನ ಹಕ್ಕೊತ್ತಾಯ ಹೀಗಿದೆ. ಹಣ ವಾಪಸು ಬೇಡ, ಹೊಸ ಆಟವೂ ಬೇಡ. ತಮ್ಮ ಕಚೇರಿಯ ಮೊಹರು ಒತ್ತಿ, ಕನ್ನಡಕವಿಲ್ಲದೆಯೂ ಓದುವಷ್ಟು ದಪ್ಪ ಅಕ್ಷರದಲ್ಲಿ ಅಜ್ಜನಿಗೆ ಒಂದೇ ಮಾತು ಬರೆಯಿರಿ: "ಯಜಮಾನರೇ, ದಾರಿ ತಪ್ಪಿದ್ದು ನೀವಲ್ಲ, ಬಂದರನ್ನು ಬಚ್ಚಿಟ್ಟವರು ನಾವು." ಬೇಗ ಬರೆಯಿರಿ. ಬೀಗದ ಕೈ ಇನ್ನೂ ಅಮ್ಮನ ಹತ್ತಿರವೇ ಇದೆ.

ಇಂತಿ,
ಜನ್ಮದಲ್ಲಿ ಒಮ್ಮೆ ನಿಜ ಹೇಳಿ, ಅದಕ್ಕೂ ನಿಮ್ಮ ಸಾಕ್ಷಿ ಬೇಡುವಂತಾದ
ಲಾಂಚಿನ ಮಾಜಿ ಗಂಟೆಯವನು