ನಗರಾಡಳಿತದ ಕಾರಂಜಿಯಲ್ಲಿ ಕಂಬಳಿ ತೊಳೆದವರ ಪರವಾಗಿ

ಮಾನ್ಯ ನಗರಾಧ್ಯಕ್ಷರೇ,

ಮೇ ಹದಿನಾಲ್ಕರಿಂದ ನಮ್ಮ ಬೀದಿಯ ಕಾಲುವೆಗೆ ನೀರಿರಲಿಲ್ಲ. ಆ ನೀರು ನಿಮ್ಮ ಕಚೇರಿಯ ಮುಂದೆ, ನೀಲಿ ಹಳದಿ ದೀಪಗಳ ನಡುವೆ, ಹಾಡಿಗೆ ತಕ್ಕಂತೆ ಕುಣಿಯುತ್ತಿತ್ತು. ಕಾರಂಜಿ ಚೆನ್ನಾಗಿದೆ, ತಕರಾರಿಲ್ಲ. ಆದರೆ ಏಪ್ರಿಕಾಟ್ ಮರಗಳನ್ನು ಹಾಡು ಕೇಳಿಸಿಯೇ ಬದುಕಿಸುವ ವಿದ್ಯೆ ನಲವತ್ತು ಮನೆಗಳಲ್ಲಿ ಒಬ್ಬರಿಗೂ ಬಾರದು. ಬೆಟ್ಟದಿಂದ ಇಳಿಯುವ ನೀರನ್ನು ತಿರುಗಿಸುವ ಮುನ್ನ ನೀವು ಯಾರನ್ನು ಕೇಳಿದಿರಿ? ಮೂರು ಅರ್ಜಿ ಕೊಟ್ಟೆವು. ಮೂರಕ್ಕೂ ‘ಪರಿಶೀಲನೆಯಲ್ಲಿದೆ’ ಎಂಬ ಒಂದೇ ಉತ್ತರ. ಮೂರನೆಯದರಲ್ಲಿ ಕಾಗುಣಿತವೂ ತಪ್ಪಿತ್ತು.

ನನ್ನ ನೆರೆಮನೆಯ ಸೋನುನ್‌ಳ ಮಗಳಿಗೆ ಈ ತಿಂಗಳು ಮದುವೆ. ಹುಡುಗಿಯ ಜೊತೆ ಕಳಿಸಬೇಕಾದ, ಅವಳ ಅಜ್ಜಿ ಮಾಡಿದ ಉಣ್ಣೆಯ ಕಂಬಳಿಯನ್ನು ತೊಳೆಯಬೇಕಿತ್ತು. ಕಳೆದ ಮಂಗಳವಾರ ಬೆಳಿಗ್ಗೆ ಸೋನುನ್ ಒಣಗಿದ ಕಾಲುವೆಯನ್ನು ನೋಡಿ, “ನೀರು ಎಲ್ಲಿದ್ಯೋ ಅಲ್ಲಿಗೇ ಹೋಗೋಣ, ಅಕ್ಕ,” ಎಂದಳು. ನಾನು ಗಾಡಿ ತಳ್ಳಿದೆ. ಅದನ್ನು ಕಂಡು ಬೀದಿಯ ಉಳಿದವರೂ ತಮ್ಮ ತಮ್ಮ ಕಂಬಳಿ ಹೊತ್ತು ಹಿಂದೆಯೇ ಬಂದರು. ಹತ್ತು ಗಂಟೆಗೆ ನಿಮ್ಮ ಕಾರಂಜಿಯಲ್ಲಿ ಮೊಣಕಾಲುದ್ದ ನೀರಿನಲ್ಲಿ ಹನ್ನೊಂದು ಹೆಂಗಸರಿದ್ದೆವು.

ಪೊಲೀಸ್ ಮೈರಾಂಬೆಕ್ ಬಂದ. ನನ್ನ ಹಳೆಯ ಶಿಷ್ಯ.

“ಟೀಚರ್, ಇದು ಸಾರ್ವಜನಿಕ ಕಾರಂಜಿ. ಇಲ್ಲಿ ತೊಳೆಯೋ ಹಾಗಿಲ್ಲ.”

“ನಾವು ಸಾರ್ವಜನಿಕರಲ್ವೇನಪ್ಪ?” ಎಂದಳು ಸೋನುನ್. “ಸುಮ್ನೆ ನಿಂತಿದ್ದೀಯಲ್ಲ, ಆ ತುದಿ ಹಿಡಿ. ನೆಂದು ಎಮ್ಮೆ ಭಾರ ಆಗಿದೆ.”

ಅವನು ನಿಮ್ಮ ಕಿಟಕಿಯತ್ತ ನೋಡಿದ, ಟೋಪಿ ತೆಗೆದಿಟ್ಟ, ತುದಿ ಹಿಡಿದ. ದಯವಿಟ್ಟು ಇದಕ್ಕಾಗಿ ಅವನನ್ನು ವರ್ಗ ಮಾಡಬೇಡಿ. ಆ ದಿನ ಜನರಿಗೆ ನೆರವಾದ ಸರ್ಕಾರಿ ನೌಕರ ಅವನೊಬ್ಬನೇ.

ಅಷ್ಟರಲ್ಲಿ ನಿಮ್ಮ ಕಾರ್ಯದರ್ಶಿ ಇಳಿದು ಬಂದು ಎಲ್ಲರ ಹೆಸರು ಬರೆದುಕೊಳ್ಳತೊಡಗಿದರು. ಕೊನೆಗೆ ಕತ್ತೆಗಾಡಿಯಲ್ಲಿ ಕಂಬಳಿ ಹೇರಿಕೊಂಡು ಒಬ್ಬ ಮುದುಕಿ ಬಂದರು. ಕಾರ್ಯದರ್ಶಿ ತಲೆ ಎತ್ತಲೇ ಇಲ್ಲ.

“ಹೆಸರು ಹೇಳಿ, ಅಜ್ಜಿ.”

“ನನ್ನ ಹೆಸರ್ಯಾಕೆ, ಮಗನ ಹೆಸರು ಬರ್ಕೋ,” ಎಂದು ಅವರು ನಿಮ್ಮ ಹೆಸರು ಹೇಳಿದರು. “ಮೇಲಿದ್ದಾನಾ? ಇಳಿದು ಬಾ ಅನ್ನು. ನನ್ನ ಮನೆ ಕಾಲುವೆನೂ ಒಣಗಿ ಮೂರು ವಾರ ಆಯ್ತು. ಫೋನ್ ಮಾಡಿದ್ರೆ ಪರಿಶೀಲನೆಯಲ್ಲಿದೆ ಅಂತಾನೆ, ಹೆತ್ತ ತಾಯಿಗೆ.”

ನೀವು ಇಳಿದು ಬಂದಿರಿ. ತಾಯಿ ಮಗನ ಮಾತು ನನಗೇಕೆ? ಅರ್ಧ ಸಂತೆ ಕೇಳಿಸಿಕೊಂಡಿದೆ. ನೀವು ಪ್ಯಾಂಟು ಮಡಚಿ ನೀರಿಗಿಳಿದದ್ದನ್ನು ಮಾತ್ರ ಬರೆಯುತ್ತೇನೆ. ಬ್ರಷ್ ಹಿಡಿದು ಉಜ್ಜುವುದು ನಿಮಗೆ ಚೆನ್ನಾಗಿ ಬರುತ್ತದೆ, ಭಾಷಣಕ್ಕಿಂತ ಚೆನ್ನಾಗಿ.

ಸಂಜೆ ನಮ್ಮ ಬೀದಿಯ ತೂಬು ತೆರೆಯಿತು. ಕಸಕಡ್ಡಿ, ಧೂಳು ಹೊತ್ತುಕೊಂಡು ಮೊದಲು ಕೆಂಪಗೆ, ಆಮೇಲೆ ತಿಳಿಯಾಗಿ ನೀರು ಬಂತು. ನಾನು ಹೊಸ್ತಿಲಿನಿಂದ ಇಳಿದು ಕಾಲುವೆಯ ಅಂಚಿನಲ್ಲಿ ಕುಳಿತು ಪಾದ ಇಳಿಬಿಟ್ಟೆ. ಒಲೆಯ ಮೇಲಿನ ಸಾರು ಸೀದು ಹೋದರೂ ಏಳಲು ಮನಸ್ಸಾಗಲಿಲ್ಲ.

ಆದರೆ ಮಾನ್ಯರೇ, ಈ ನೀರಿಗೆ ಇರುವ ಆಧಾರ ಬಾಯಿಮಾತಿನ ಆಜ್ಞೆ ಒಂದೇ. ಬರುವ ಭಾನುವಾರ ನಿಮ್ಮ ತಾಯಿ ನಿಮ್ಮ ತಮ್ಮನ ಕುರಿಗಳ ಜೊತೆ ಬೆಟ್ಟದ ಹುಲ್ಲುಗಾವಲಿಗೆ ಹೊರಡುತ್ತಾರೆ, ಸೆಪ್ಟೆಂಬರ್‌ವರೆಗೆ ಇಳಿಯುವುದಿಲ್ಲ. ಅಲ್ಲಿ ಫೋನೂ ಸಿಗುವುದಿಲ್ಲ. ಆದ್ದರಿಂದ ವಾರಕ್ಕೆ ಎರಡು ದಿನ ನಮ್ಮ ಬೀದಿಗೆ ನೀರು ಎಂದು ಬರೆದು, ಸಹಿ ಮಾಡಿ, ಮೊಹರು ಒತ್ತಿ, ಸಂತೆಯ ಬಾಗಿಲಿಗೆ ಅಂಟಿಸಿ. ಶನಿವಾರದೊಳಗೆ.

ಇಂತಿ,
ಅರ್ಜಿ ಬರೆದೂ ಬರೆದೂ ಈ ವಯಸ್ಸಿನಲ್ಲಿ ಅಕ್ಷರ ದುಂಡಗಾದ ನಿವೃತ್ತ ಗಣಿತ ಶಿಕ್ಷಕಿ,
ಕಾಲಿಚಾ ತುರ್ದುಬಾಯೆವಾ