ಕೆಳಗಿನ ಸ್ಟ್ಯಾಂಡಿನ ಕ್ಯೂ

ಮಾರ್ಚ್ 3, ಸೋಮವಾರ

ಇಂದು ಕೋಟೆ ನೋಡಲು ಬಂದ ಜನ 4,210. ಸೋಮವಾರಕ್ಕೆ ಹೆಚ್ಚೇ. ನಾಲ್ಕನೇ ಶಟಲ್ ಬಸ್ಸಿನ ಬಾಗಿಲು ಮತ್ತೆ ಕೈಕೊಟ್ಟಿತು. ಡ್ರೈವರ್ ಅದಕ್ಕೆ ಹಗ್ಗ ಕಟ್ಟಿಕೊಂಡೇ ಎರಡು ಟ್ರಿಪ್ ಹೊಡೆದಿದ್ದಾನೆ, ಪುಣ್ಯಾತ್ಮ. ಬಾಯಿಗೆ ಬಂದ ಹಾಗೆ ಬೈದೆ. ಆಮೇಲೆ ಚಹಾ ಕುಡಿಸಿದೆ.

ಹನ್ನೊಂದರ ಹೊತ್ತಿಗೆ, ಶಟಲ್ ಹೊರಡುವ ಕೆಳಗಿನ ಸ್ಟ್ಯಾಂಡಿನಿಂದ ಮೀಸೆಯ ಕರೆ, ವಾಕಿಟಾಕಿಯಲ್ಲಿ. "ಸರ್, ಒಬ್ರು ಕೋಟೆ ಒಳಗೆ ಅಜ್ಜಿ ಮನೆ ಇದೆ ಅಂತಿದಾರೆ. ಕ್ಯೂ ಬಿಟ್ಟು ಕಳಿಸ್ಲಾ?" ಮೀಸೆ ಎಂದರೆ ಕ್ಯೂ ಕಾಯುವ ಗಾರ್ಡ್. ಮೀಸೆ ಬೋಳಿಸಿ ಎರಡು ವರ್ಷವಾಯಿತು, ಹೆಸರು ಉಳಿದಿದೆ. ಅಜ್ಜಿ ಮನೆ ಯಾವ ಬೀದಿ ಎಂದು ಕೇಳಿಸಿದೆ. ಆಸಾಮಿಗೆ ಗೊತ್ತಿಲ್ಲ. ಕೋಟೆಯೊಳಗೆ ಜನ ವಾಸ ಇರುವುದು ನಮ್ಮದೂ ಸೇರಿ ನೂರ ಹದಿನಾಲ್ಕು ಮನೆಗಳಲ್ಲಿ. ಕ್ಯೂನವರು ಹೇಳುವ ಅಜ್ಜಿಯರನ್ನೆಲ್ಲ ಲೆಕ್ಕ ಹಿಡಿದರೆ ಮನೆಗೆ ಹತ್ತು ಅಜ್ಜಿ ಬೀಳುತ್ತಾರೆ.

ಒಳಗಿನ ಮನೆಯವರಿಗೆ ಕೊಡುವ ಪಾಸ್ ಇದ್ದರೆ ನೇರ ಒಳಗೆ, ಇಲ್ಲದಿದ್ದರೆ ಕ್ಯೂ. ನಾಲ್ಕು ವರ್ಷದ ಹಿಂದೆ ಈ ನಿಯಮ ಮಾಡಿದ್ದು ನಾನೇ. ಅದಕ್ಕೆ ಮುಂಚೆ ಹೇಗಿತ್ತು ಎಂದು ಈಗ ಯಾರಿಗೂ ನೆನಪಿಲ್ಲ... ಇರುವ ಒಂದು ಬಾಗಿಲಲ್ಲಿ ಕಾರು ಸಿಕ್ಕಿಕೊಂಡು, ಒಳಗಿನವರು ಆಸ್ಪತ್ರೆಗೂ ಹೋಗಲಾಗದೆ.

ಅಮ್ಮ ಇವತ್ತು ಎರಡು ಚಮಚ ಹಾಲು ಕುಡಿದಳು. ಅಷ್ಟೇ.

ಮಾರ್ಚ್ 6, ಗುರುವಾರ

ಡಾಕ್ಟರ್ ಮನೆಗೆ ಬಂದಿದ್ದರು. ಹೊರಡುವಾಗ ನನ್ನನ್ನು ಬಾಗಿಲ ಹೊರಗೆ ಕರೆದರು. "ಬರೋರು ಯಾರಾದ್ರೂ ಇದ್ರೆ ಕರೆಸ್ಕೊಳ್ಳಿ." ಬರುವವರು ಯಾರಿದ್ದಾರೆ. ತಂಗಿ ಒಬ್ಬಳೇ.

ಅಮ್ಮನದೂ ಬೆಳಗಿನಿಂದ ಅದೇ ಮಾತು. "ಚಿಕ್ಕವಳು ಬಂದ್ಲಾ?"

ಚಿಕ್ಕವಳು ಈ ಹೊಸ್ತಿಲು ತುಳಿದು ಆರು ವರ್ಷ. ಅಪ್ಪ ಹೋದಾಗ ಬಂದಿದ್ದಳು, ಎಲ್ಲ ಮುಗಿದ ಮೇಲೆ. ನನಗೆ ಸಿಟ್ಟು ನೆತ್ತಿಗೇರಿತ್ತು. ಹತ್ತು ಜನರ ಮುಂದೆ ಅಂದುಬಿಟ್ಟೆ: "ಊರು ನೋಡೋಕೆ ಬಂದೋರ ಥರ ಬಂದಿದೀಯಲ್ಲ." ಅವಳಿನ್ನೂ ಚಪ್ಪಲಿ ಕೂಡ ಬಿಟ್ಟಿರಲಿಲ್ಲ. ಹಾಗೇ ತಿರುಗಿ ಹೋದಳು. ದಾರಿಯಲ್ಲಿ ರೈಲು ಐದು ಗಂಟೆ ನಿಂತಿತ್ತಂತೆ. ಆಮೇಲೆ ಗೊತ್ತಾಯಿತು. ಗೊತ್ತಾದ ಮೇಲೂ ಫೋನ್ ಮಾಡಲಿಲ್ಲ. ತಪ್ಪಾಯಿತು ಎನ್ನುವುದಕ್ಕೆ ನನಗೆ ನಾಲಿಗೆ ಹೊರಳುವುದಿಲ್ಲ, ಚಿಕ್ಕಂದಿನಿಂದಲೂ ಹಾಗೆಯೇ. ಅಮ್ಮನೇ ವರ್ಷಕ್ಕೊಮ್ಮೆ ಅವಳಲ್ಲಿಗೆ ಹೋಗಿ ಬರುತ್ತಿದ್ದಳು. ಎರಡು ವರ್ಷದಿಂದ ಅದೂ ಇಲ್ಲ.

ಮಾರ್ಚ್ 9, ಭಾನುವಾರ

ಜನ 7,900. ಪಾರ್ಕಿಂಗ್ ಹತ್ತು ಗಂಟೆಗೇ ಭರ್ತಿ.

"ನಾನೇ ಫೋನ್ ಮಾಡ್ತೀನಿ ಬಿಡಿ" ಎಂದಳು ಹೆಂಡತಿ. ಬೇಡ, ನಾನೇ ಮಾಡುತ್ತೇನೆ ಎಂದೆ. ಮಾಡಲಿಲ್ಲ.

ಮಾರ್ಚ್ 12, ಬುಧವಾರ

ಮೆಸೇಜ್ ಕಳಿಸಿದೆ. "ಅಮ್ಮ ನಿನ್ನನ್ನು ಕೇಳುತ್ತಿದ್ದಾಳೆ." ಕೊನೆಗೆ "ಬಾ" ಎಂದು ಬರೆದು ಅಳಿಸಿದೆ. ಕೇಳುತ್ತಿದ್ದಾಳೆ ಎಂದರೆ ಬಾ ಎಂದೇ ತಾನೇ? ಅವಳೇನು ದಡ್ಡಿಯಲ್ಲ.

ಓದಿದ್ದಾಳೆ. ನೀಲಿ ಟಿಕ್ ಬಂತು. ಉತ್ತರ ಇಲ್ಲ.

ಮಾರ್ಚ್ 14, ಶುಕ್ರವಾರ

ಉತ್ತರ ಇಲ್ಲ. ಅಷ್ಟು ಜಂಬ ಇದ್ದರೆ ಇಟ್ಟುಕೊಳ್ಳಲಿ. ಇಂದಿನಿಂದ ಮೂರು ದಿನ ರಜೆ ಒಟ್ಟಿಗೆ ಬಂದಿದೆ, ನನಗೆ ತಲೆ ಕೆರೆದುಕೊಳ್ಳಲೂ ಪುರುಸೊತ್ತಿಲ್ಲ.

ಮಾರ್ಚ್ 16, ಭಾನುವಾರ, ಸಂಜೆ 6:30

ಜನ 11,640. ನನ್ನ ಸರ್ವೀಸಿನಲ್ಲೇ ಹೆಚ್ಚು. 11:40ಕ್ಕೆ ಶಟಲ್ ನಿಲ್ಲಿಸಿದೆ. ಕ್ಯಾಮೆರಾದಲ್ಲಿ ಬಾಗಿಲ ಹತ್ತಿರ ಬರೀ ತಲೆಗಳು, ನೆಲವೇ ಕಾಣಿಸುತ್ತಿರಲಿಲ್ಲ. ಇನ್ನೆರಡು ಬಸ್ಸು ಮೇಲೆ ಕಳಿಸಿದ್ದರೆ ಕಾಲ್ತುಳಿತವೇ. 2:45ಕ್ಕೆ ಮತ್ತೆ ಬಿಟ್ಟೆ. ಅಲ್ಲಿಯವರೆಗೆ ಕೆಳಗೆ ಎರಡು ಸಾವಿರ ಜನ ಬಿಸಿಲಲ್ಲಿ ನಿಂತು ನನಗೆ ಶಾಪ ಹಾಕಿರುತ್ತಾರೆ. ಹಾಕಲಿ. ಒಬ್ಬರಿಗೂ ಒಂದು ಗೀರೂ ಆಗಲಿಲ್ಲ. ಸಾಹೇಬರು ಫೋನ್ ಮಾಡಿ ಭೇಷ್ ಎಂದರು.

ಒಂದು ಗಂಟೆಯ ಹೊತ್ತಿಗೆ ಮೀಸೆ: "ಸರ್, ಒಬ್ರು ಹೆಂಗಸು. ಒಳಗೆ ತಾಯಿ ಮನೆ ಅಂತೆ. ತಾಯಿಗೆ ಹುಷಾರಿಲ್ವಂತೆ. ಪಾಸ್ ಇಲ್ಲ." ಬೆಳಗಿನಿಂದ ಇಂಥವು ಇಪ್ಪತ್ತಾದರೂ ಆಗಿದ್ದವು. "ಎಲ್ರಿಗೂ ಇವತ್ತೇ ತಾಯಿ ನೆನಪಾಗ್ತಾಳೆ ನೋಡು! ಪಾಸ್ ಇಲ್ಲಾಂದ್ರೆ ಬಿಡ್ಬೇಡ" ಎಂದೆ. ಕಂಟ್ರೋಲ್ ರೂಮಿನಲ್ಲಿ ಎಲ್ಲರೂ ನಕ್ಕರು. ನಾನೂ ನಕ್ಕೆ.

ಅಮ್ಮ ಇವತ್ತು ದಿಂಬಿಗೆ ಒರಗಿ ಕೂತಿದ್ದಳಂತೆ. ತಲೆ ಬಾಚಿಸಿಕೊಂಡಳಂತೆ.

ಮಾರ್ಚ್ 18, ಮಂಗಳವಾರ

ಬೆಳಗ್ಗೆ 9:20ಕ್ಕೆ ಅಮ್ಮ ಹೋದಳು.

ತಂಗಿಗೆ ಹೆಂಡತಿಯೇ ಫೋನ್ ಮಾಡಿದಳು.

ಮಾರ್ಚ್ 22, ಶನಿವಾರ

ಬರೆಯದೆ ಇರಲಾಗುತ್ತಿಲ್ಲ.

ಮಂಗಳವಾರ ಮಧ್ಯಾಹ್ನ ತಂಗಿ ಬಂದಳು. ಕೆಳಗಿನ ಸ್ಟ್ಯಾಂಡಿಗೆ ಹೇಳಿ ಅವಳೊಬ್ಬಳಿಗೇ ಒಂದು ಶಟಲ್ ಕಳಿಸಿದ್ದೆ. ಈ ಸಲ ಹೊತ್ತಿಗೆ ಸರಿಯಾಗಿ ಬಂದಳು. ಅಮ್ಮನ ಪಾದ ಹಿಡಿದು ಕೂತವಳು ಏಳಲೇ ಇಲ್ಲ. ನಾಲ್ಕು ದಿನ ಒಂದೇ ಸೂರಿನಡಿ ಇದ್ದೆವು. ಅತ್ತಿಗೆಯ ಜೊತೆ ಮಾತಾಡಿದಳು, ನನ್ನ ಜೊತೆ ತುಟಿ ಬಿಚ್ಚಲಿಲ್ಲ.

ಇವತ್ತು ಹೊರಟಳು. ಬ್ಯಾಗು ಹಿಡಿದು ಸ್ಟ್ಯಾಂಡಿನವರೆಗೆ ಹೋದೆ. ಮಂಗಳವಾರ ರಜೆಯಲ್ಲಿದ್ದ ಮೀಸೆ ಅವಳನ್ನು ಕಂಡವನೇ ಎದ್ದು ನಿಂತ. "ಅಮ್ಮಾ, ಅವತ್ತು ನೀವೇ ಅಲ್ವಾ..." ಎಂದವನು ನನ್ನ ಮುಖ ನೋಡಿ ಕ್ಯೂ ಕಡೆ ತಿರುಗಿದ.

"ಯಾವತ್ತು?" ಎಂದೆ.

"ಭಾನುವಾರ ಬಂದಿದ್ದೆ" ಎಂದಳು ತಂಗಿ. ಆರು ವರ್ಷದಲ್ಲಿ ನನ್ನೊಡನೆ ಆಡಿದ ಮೊದಲ ಮಾತು. "ನೀನು ಡ್ಯೂಟೀಲಿರೋ ಹೊತ್ತಲ್ಲಿ ಅಮ್ಮನ್ನ ನೋಡ್ಕೊಂಡು ಹೋಗ್ಬಿಡೋಣ ಅಂತ. ಹನ್ನೊಂದಕ್ಕೇ ಕ್ಯೂನಲ್ಲಿ ನಿಂತೆ. ಬಸ್ ನಿಂತ್ಹೋಯ್ತು. ಇವರನ್ನ ಕೇಳ್ಕೊಂಡೆ. ಪಾಪ, ಇವರು ನಿನ್ನನ್ನ ಕೇಳಿದ್ರು."

"ಹೆಸರು ಹೇಳ್ಬಹುದಿತ್ತಲ್ಲೇ..."

"ಹೇಳ್ಬೇಕು ಅಂತಾನೇ ಬಾಯಿ ತೆಗೆದೆ. ಅಷ್ಟರಲ್ಲಿ ವಾಕಿಟಾಕೀಲಿ ನಿನ್ನ ಧ್ವನಿ ಬಂತು. ಎಲ್ರಿಗೂ ಇವತ್ತೇ ತಾಯಿ ನೆನಪಾಗ್ತಾಳೆ ಅಂದೆ. ನಗ್ತಿದ್ರಲ್ಲ, ಅದೂ ಕೇಳಿಸ್ತು."

"ನೀನು ಅಂತ ಗೊತ್ತಿರ್ಲಿಲ್ಲ ಕಣೇ. ಆಣೆಗೂ ಗೊತ್ತಿರ್ಲಿಲ್ಲ."

"ಗೊತ್ತಿದ್ದಿದ್ರೆ ಬಿಡ್ತಿದ್ಯಾ?"

ಬಿಡುತ್ತಿದ್ದೆ ಎಂದೆ. ತಕ್ಷಣ ಎನ್ನಲಿಲ್ಲ. ಒಂದು ಗುಟುಕು ನೀರು ಕುಡಿಯುವಷ್ಟು ಹೊತ್ತು ತಡವಾಯಿತು. ಅವಳು ಅದನ್ನು ಗಮನಿಸಿದಳು. ಬ್ಯಾಗು ಇಸಕೊಂಡು ಹೋದಳು.

ಮಾರ್ಚ್ 24, ಸೋಮವಾರ

ಡ್ಯೂಟಿಗೆ ಹೋದೆ. ಜನ ಎಷ್ಟೋ, ನೋಡಲಿಲ್ಲ.

16ನೇ ತಾರೀಖಿನ ಲಾಗ್‌ಬುಕ್ ತೆಗೆದೆ. ನನ್ನದೇ ಅಕ್ಷರ. "12:52 — ಪಾಸ್ ಇಲ್ಲದ ಮಹಿಳೆ, ಒಬ್ಬರು. ಬಿಟ್ಟಿಲ್ಲ." ದುಂಡಗೆ ಬರೆದಿದ್ದೇನೆ.

ಸ್ಟ್ಯಾಂಡಿನ ಕ್ಯಾಮೆರಾದ ಆ ದಿನದ ರೆಕಾರ್ಡಿಂಗ್ ಹಾಕಿಸಿದೆ. ಸಿಕ್ಕಿದಳು. ತಲೆ ಮೇಲೆ ಮಡಚಿದ ನ್ಯೂಸ್ ಪೇಪರ್, ಕಂಕುಳಲ್ಲಿ ಒಂದು ಸ್ಟೀಲ್ ಡಬ್ಬಿ. ಅಮ್ಮನಿಗೆಂದು ಏನೋ ಮಾಡಿಕೊಂಡು ಬಂದಿರಬೇಕು. ನನ್ನ ಮಾತು ಕೇಳಿದ ತಕ್ಷಣ ಹೋಗಿರುತ್ತಾಳೆ ಎಂದುಕೊಂಡಿದ್ದೆ. ಹೋಗಲಿಲ್ಲ. ಮತ್ತೆ ಕ್ಯೂಗೆ ಬಂದು ನಿಂತಳು. ಅವಳ ಜಾಗ ಹೋಗಿತ್ತು, ಕೊನೆಯಲ್ಲಿ ನಿಂತಳು. ಒಂದೂವರೆ ಗಂಟೆ. ಡಬ್ಬಿಯನ್ನು ಕೈಯಿಂದ ಕೈಗೆ ಬದಲಾಯಿಸುತ್ತ. 2:31ಕ್ಕೆ ವಾಚು ನೋಡಿ ರೈಲು ಸ್ಟೇಷನ್ ಕಡೆ ನಡೆದಳು. ನಾನು ಶಟಲ್ ಬಿಟ್ಟದ್ದು 2:45ಕ್ಕೆ.

ಹದಿನಾಲ್ಕು ನಿಮಿಷ. ಮೂರು ಸಲ ನೋಡಿದೆ. ನಾಲ್ಕನೇ ಸಲಕ್ಕೆ ಬಿಕ್ಕಿ ಬಿಕ್ಕಿ ಅಳು ಬಂತು. ಅಮ್ಮ ಸತ್ತಾಗಲೂ ಹೀಗೆ ಅತ್ತಿರಲಿಲ್ಲ. ಕ್ಯಾಮೆರಾ ನೋಡಿಕೊಳ್ಳುವವನು ಬಾಗಿಲು ಎಳೆದುಕೊಂಡು ಹೊರಗೆ ಹೋದ.

ಏಪ್ರಿಲ್ 2, ಬುಧವಾರ, ಸಂಜೆ 5

ಅಮ್ಮನ ಪಾಸ್ ರದ್ದು ಮಾಡಿದೆ. ಹೋದವರದ್ದನ್ನು ಹದಿನೈದು ದಿನದೊಳಗೆ ಮಾಡಬೇಕು. ಇದೂ ನಾನೇ ಮಾಡಿದ ನಿಯಮ. ಅದೇ ಪೆನ್ನಿನಲ್ಲಿ ಇನ್ನೊಂದು ಪಾಸ್ ಬರೆದೆ, ತಂಗಿಯ ಹೆಸರಿಗೆ. ಕಾಯಂ ಪಾಸ್. ಐದು ನಿಮಿಷದ ಕೆಲಸ. ನಾಲ್ಕು ವರ್ಷದಲ್ಲಿ ಯಾವತ್ತು ಬೇಕಾದರೂ ಮಾಡಬಹುದಿತ್ತು.

ಫೋನ್ ಮಾಡಿದೆ. ಎತ್ತುವುದಿಲ್ಲ ಎಂದುಕೊಂಡಿದ್ದೆ, ಎತ್ತಿದಳು. ತಪ್ಪಾಯ್ತು ಕಣೇ ಎಂದೆ. ಎರಡೂ ಸಲದ್ದು ತಪ್ಪಾಯ್ತು. ಆ ಕಡೆ ಪಾತ್ರೆಗೆ ನಲ್ಲಿ ನೀರು ಬೀಳುವ ಸದ್ದು. ಆಮೇಲೆ ಅದೂ ನಿಂತಿತು.

"ನಿನಗೆ ಪಾಸ್ ಮಾಡಿಸಿದೀನಿ" ಎಂದೆ. "ಇನ್ಮೇಲೆ ಕ್ಯೂ ಇಲ್ಲ, ಯಾರನ್ನೂ ಕೇಳ್ಬೇಕಾಗಿಲ್ಲ. ಯಾವಾಗ ಬೇಕಾದ್ರೂ ಬಾ."

"ಬಂದು? ಇನ್ನು ಯಾರನ್ನ ನೋಡ್ಲಿ ಅಣ್ಣಾ?"

ಸಿಟ್ಟಿನ ಮಾತಲ್ಲ. ಚುಚ್ಚಲೆಂದೂ ಅಲ್ಲ. ನಿಜವಾಗಿ ಕೇಳಿದಳು. ಕೇಳಿ ಫೋನ್ ಇಡಲಿಲ್ಲ, ಕಾಯುತ್ತಿದ್ದಳು. ಅವಳ ಉಸಿರು ಕೇಳಿಸುತ್ತಿತ್ತು. "ನನ್ನನ್ನ" ಎನ್ನಬೇಕಿತ್ತು. ಒಂದೇ ಮಾತು. ನಾನು ಪಾಸಿನ ನಂಬರ್ ಬರೆದುಕೋ ಎಂದೆ.