ಭುಜದ ಅಳತೆ

ಡಿಸೆಂಬರ್ 31, ಬುಧವಾರ

ಹೊಸ ಅಂಗಿ ಭುಜದಿಂದ ಜಾರುತ್ತಿದೆ. ನಲವತ್ತೆಂಟು ವರ್ಷ ಊರಿಗೆಲ್ಲ ಹೊಲಿದವನು ನನ್ನ ಅಂಗಿಯನ್ನೇ ಕೆಡಿಸಿಕೊಂಡೆನಲ್ಲ ಎಂದು ಬೆಳಗ್ಗೆಯಿಂದ ಮೈ ಉರಿಯುತ್ತಿದೆ.

ಹೋದ ವರ್ಷದ ಅಳತೆ ನೋಡಿಯೇ ಬಟ್ಟೆ ಕತ್ತರಿಸಿದ್ದೆ. ತನ್ನ ಭುಜಕ್ಕೆ ತಾನೇ ಟೇಪು ಹಿಡಿಯಲು ಯಾವ ದರ್ಜಿಗೂ ಆಗುವುದಿಲ್ಲ. ನನಗೆ ಹೆಂಡತಿ ಹಿಡಿಯುತ್ತಿದ್ದಳು. "ನೆಟ್ಟಗೆ ನಿಂತ್ಕೊಳ್ರೀ, ದೊಡ್ಡ ಗಿರಾಕಿ ಥರ" ಎಂದು ಬೆನ್ನಿಗೊಂದು ತಟ್ಟುತ್ತಿದ್ದಳು. ಮಾರ್ಚಿನಲ್ಲಿ ಹೋಗಿಬಿಟ್ಟಳು.

ಕೆಲಸಕ್ಕೇನೂ ಈ ವರ್ಷ ಬರವಿರಲಿಲ್ಲ. ಶಾಲೆಯವರ ಸಮವಸ್ತ್ರ, ವಕೀಲರ ಮೂರು ಕೋಟು. ಕಣ್ಣಿನ ಆಪರೇಷನ್ ಆದಮೇಲೂ ಸೂಜಿಗೆ ದಾರ ನಾನೇ ಪೋಣಿಸಿದೆ. ಹೇಳಿಕೊಳ್ಳಲು ಮನೆಯಲ್ಲಿ ಯಾರಿದ್ದಾರೆ?

ಸಂಜೆ ಪಕ್ಕದ ಇಸ್ತ್ರಿಯವನನ್ನು ಕರೆದು ಕೈಗೆ ಟೇಪು ಕೊಟ್ಟೆ.

"ಹದಿನೇಳೂವರೆ, ಮಾಸ್ಟ್ರೇ" ಎಂದ. ಪುಸ್ತಕದಲ್ಲಿ ಹದಿನೆಂಟೂವರೆ ಇದೆ.

"ಸರಿಯಾಗಿ ಹಿಡಿಯಯ್ಯಾ!" ಎಂದು ರೇಗಿದೆ. ಮತ್ತೆ ಹಿಡಿದ. ಅದೇ ಬಂತು.

"ವಯಸ್ಸಾಯ್ತಲ್ಲ ಮಾಸ್ಟ್ರೇ, ಇಳ್ದಿರತ್ತೆ ಬಿಡಿ."

ಮೂರನೇ ಸಲವೂ ಹಿಡಿಸಿದೆ. ಅಳತೆ ಎರಡನೇ ಸಲಕ್ಕೇ ಖಾತ್ರಿಯಾಗಿತ್ತು. ಆಗಷ್ಟೇ ಇಸ್ತ್ರಿಪೆಟ್ಟಿಗೆ ಇಟ್ಟು ಬಂದ ಕೈ, ಬೆನ್ನ ಮೇಲೆ ಬೆಚ್ಚಗಿತ್ತು, ಅಷ್ಟೇ.